ಶಾಸ್ತ್ರೀಯ ಗಾಯನಕ್ಕೆ ಒಂದು ಪೂರ್ತಿ ಸಂಜೆ ಕೊಡಿ

ಮಾನ್ಯ ಸಂಪಾದಕರೇ,

ಕಲಬುರಗಿ ಮಂದಿಗೆ ಶಾಸ್ತ್ರೀಯ ಸಂಗೀತ ಹಿಡಿಸಲ್ಲ, ಆರ್ಕೆಸ್ಟ್ರಾ ಇಟ್ಟರೆ ಮಾತ್ರ ಕುರ್ಚಿ ತುಂಬುತ್ತವೆ ಅಂತ ಕಾರ್ಯಕ್ರಮ ಮಾಡುವವರು ಹೇಳುತ್ತಲೇ ಇರುತ್ತಾರೆ. ಈ ಮಾತು ಕೇಳಿ ಕೇಳಿ ಬೇಜಾರಾಗಿದೆ.

ಶ್ರಾವಣದಲ್ಲಿ ನಮ್ಮ ಕಡೆಯ ಯಾವುದಾದರೂ ಮಠಕ್ಕೆ ಹೋಗಿ ನೋಡಿ. ಹೊಲದಿಂದ ಬಂದವರು, ಹೆಂಗಸರು, ಮಕ್ಕಳು ಎಲ್ಲರೂ ಪುರಾಣ ಕೇಳಲು ಕೂತಿರುತ್ತಾರೆ. ಶಾಸ್ತ್ರಿಗಳು ಕತೆ ನಿಲ್ಲಿಸಿದ ಕಡೆ ಗವಾಯಿಗಳು ಹಾರ್ಮೋನಿಯಂ ಮೇಲೆ ಬೆರಳಾಡಿಸಿ ವಚನ ಎತ್ತಿಕೊಳ್ಳುತ್ತಾರೆ. ಅದು ಭೀಮಪಲಾಸ ರಾಗವೋ ಭೈರವಿಯೋ ಅಂತ ಕೂತವರಿಗೆ ಗೊತ್ತಿರಲ್ಲ, ಆದರೆ ಗವಾಯಿಗಳು ಸ್ವರಗಳನ್ನು ವೇಗವಾಗಿ ಓಡಿಸುವ ತಾನ್ ಹಾಕಿ ಸರಿಯಾಗಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ನಿಂತಾಗ ಇಡೀ ಪ್ರಾಂಗಣವೇ ತಲೆದೂಗುತ್ತದೆ. ಇಂಥ ಗವಾಯಿಗಳಲ್ಲಿ ಎಷ್ಟೋ ಮಂದಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಮಕ್ಕಳಿಗೆ, ಬಡವರ ಮಕ್ಕಳಿಗೆ ಅನ್ನ ಹಾಕಿ ಕಲಿಸಿದ ವಿದ್ಯೆ ಇದು. ಹೀಗಿರುವಾಗ ಇಲ್ಲಿ ಕೇಳುವ ಕಿವಿಗಳೇ ಇಲ್ಲ ಅನ್ನೋದು ಯಾವ ನ್ಯಾಯ?

ಈಚೆಗೆ ನಮ್ಮೂರಲ್ಲೇ ಒಂದು ಸಮಾರಂಭಕ್ಕೆ ಹೋಗಿದ್ದೆ. ಸಂಜೆ 6ಕ್ಕೆ ಹಿಂದೂಸ್ತಾನಿ ಗಾಯನ ಅಂತ ಆಮಂತ್ರಣದಲ್ಲಿ ಹಾಕಿದ್ದರು. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಶಾಲು, ಹಾರ, ಮತ್ತೆ ಭಾಷಣ. ಗಾಯಕರು ತಂಬೂರಿ ಹಿಡಿದು ಪಕ್ಕದಲ್ಲಿ ಕಾದೇ ಕಾದರು. ವೇದಿಕೆ ಸಿಕ್ಕಿದ್ದು 9 ದಾಟಿದ ಮೇಲೆ. ತಂಬೂರಿಯ ನಾಲ್ಕು ತಂತಿ ಇನ್ನೂ ಕೂಡಿರಲಿಲ್ಲ, ತಬಲಾದವರು ಸುತ್ತಿಗೆ ಹಿಡಿದು ಶ್ರುತಿ ಏರಿಸುತ್ತಿದ್ದರು, ಅಷ್ಟರಲ್ಲೇ ನಿರೂಪಕರು ಬಂದು ‘20 ನಿಮಿಷದಲ್ಲಿ ಮುಗಿಸಿಬಿಡಿ ಸರ್’ ಅಂದರು. ವಿಲಂಬಿತ, ಅಂದರೆ ನಿಧಾನ ಗತಿಯ ಏಕತಾಲದಲ್ಲಿ 12 ಮಾತ್ರೆಯ (ಎಣಿಕೆಯ) ತಾಳದ ಒಂದು ಸುತ್ತು ಮುಗಿಯಲಿಕ್ಕೇ ಮುಕ್ಕಾಲು ನಿಮಿಷ ಹಿಡಿಯುತ್ತದೆ. ಮೊದಲ ಸ್ವರ ಷಡ್ಜದಿಂದ ಹೊರಟು ಮೆಲ್ಲಗೆ ಒಂದೊಂದೇ ಸ್ವರ ಬಿಡಿಸುತ್ತಾ ಮೇಲೆ ಹೋಗಬೇಕಾದವರು 20 ನಿಮಿಷದಲ್ಲಿ ಏನು ಹಾಡಬೇಕು? ಮೇಲೆ ಮೈಕಿನವರು ಎಕೋ ಬೇರೆ ಹಾಕಿದ್ದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಎಲ್ಲ ಕಲಸಿಹೋಗಿ ಸುಮ್ನೆ ಗದ್ದಲ ಕೇಳಿದ ಹಾಗಾಯಿತು. ಇದನ್ನು ನೋಡಿ ಮಂದಿ ಎದ್ದು ಹೋದರೆ ತಪ್ಪು ಯಾರದ್ದು?

ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಹೆಸರಲ್ಲಿ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಉತ್ಸವ ಶುರು ಮಾಡಿದರು. ಗುರು ನಮ್ಮವರು, ಶಿಷ್ಯರೂ ನಮ್ಮವರೇ. ಅಲ್ಲಿ ಇವತ್ತಿಗೂ ಸಾವಿರಾರು ಮಂದಿ ಟಿಕೆಟ್ ತಗೊಂಡು ಗಂಟೆಗಟ್ಟಲೆ ಕೂತು ಕೇಳುತ್ತಾರೆ. ಅಲ್ಲಿ ಹಾಡಿಗೇ ಮೊದಲ ಮಣೆ, ಅದಕ್ಕೇ ಮಂದಿ ಬರುತ್ತಾರೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮತ್ತು ಕನ್ನಡ ಸಂಸ್ಕೃತಿ ಇಲಾಖೆ ಸೇರಿ ತಿಂಗಳಿಗೊಂದು ಸಂಜೆ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಶಾಸ್ತ್ರೀಯ ಗಾಯನಕ್ಕೆ ಮೀಸಲಿಡಲಿ, ಬೀದರ್, ಯಾದಗಿರಿಯಲ್ಲೂ ಮಾಡಲಿ. ಭಾಷಣ ಬೇಡ. ದೀಪ ಹಚ್ಚಿ, ಹಾಡು ಶುರು ಮಾಡಿ. ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಮೊದಲ ಒಂದು ತಾಸು ಕೊಡಿ, ಆಮೇಲೆ ಹಿರಿಯರು ಹಾಡಲಿ. ತಬಲಾ, ಹಾರ್ಮೋನಿಯಂ ಸಾಥ್ ಕೊಡುವವರಿಗೆ ಅದೇ ರಾತ್ರಿ ದುಡ್ಡು ಕೈಗೆ ಸಿಗಬೇಕು, ಬಿಲ್ಲು ಹಿಡಿದು ತಿಂಗಳುಗಟ್ಟಲೆ ಕಚೇರಿಗೆ ಅಲೆಸಬಾರದು.

ಕೇಳುಗರಾದ ನಾವೂ ಪಾಸಿಗಾಗಿ ಫೋನ್ ಮಾಡೋದು ಬಿಡೋಣ. ಸಿನಿಮಾಕ್ಕೆ ಕೊಡುತ್ತೇವೆ ಅಲ್ವಾ? 50 ರೂಪಾಯಿ, 100 ರೂಪಾಯಿ ಟಿಕೆಟ್ ಇಡಲಿ, ಮೊದಲ ಸಾಲಿನ ಸೋಫಾಗಳನ್ನೂ ಟಿಕೆಟ್ ಕೊಂಡವರಿಗೇ ಬಿಡಲಿ. ನಾನಂತೂ ಮನೆಮಂದಿಯನ್ನೆಲ್ಲ ಕರಕೊಂಡು ಬರುತ್ತೇನೆ.

ಇಂತಿ,
ಒಬ್ಬ ಸಂಗೀತ ಪ್ರೇಮಿ, ಕಲಬುರಗಿ