‘ನಾವು’ ಎಂದರೆ ಯಾರೆಲ್ಲ: ಯುವ ಬರಹಗಾರರಿಗೊಂದು ಪತ್ರ

ಪ್ರಿಯರೆ,

ನಿಮ್ಮ ಪತ್ರ ಮತ್ತು ಅದರ ಜೊತೆಗಿದ್ದ ಕತೆ ಕೈಸೇರಿ ಮೂರು ವಾರವಾಯಿತು. ಕತೆಯನ್ನು ಎರಡು ಸಲ ಓದಿದೆ. ಪತ್ರವನ್ನು ಅದಕ್ಕಿಂತ ಹೆಚ್ಚು ಸಲ. ಇನ್ನು ನೂರಿನ್ನೂರು ವರ್ಷಗಳಲ್ಲಿ ಮನುಷ್ಯರೆಲ್ಲರಿಗೂ ಒಂದೇ ಭಾಷೆಯಾಗಿಬಿಡುವುದಾದರೆ ಕನ್ನಡದಲ್ಲಿ ಕತೆ ಬರೆಯುತ್ತ ಕೂರುವುದರಲ್ಲಿ ಅರ್ಥವಿದೆಯೇ, ಈಗಲೇ ಇಂಗ್ಲಿಷಿಗೆ ಹೊರಳಿಕೊಳ್ಳುವುದು ಮೇಲಲ್ಲವೇ ಎಂದು ಕೇಳಿದ್ದೀರಿ. ಭಾಷಾಭಿಮಾನದ ಎರಡು ಮಾತು ಹೇಳಿ ಈ ಪ್ರಶ್ನೆಯನ್ನು ಮುಗಿಸಿಬಿಡಲು ನನಗೆ ಮನಸ್ಸಿಲ್ಲ. ನಾನೂ ಇಪ್ಪತ್ತೈದರ ಪ್ರಾಯದಲ್ಲಿ ಇದೇ ಪ್ರಶ್ನೆಯ ಬೆನ್ನು ಹತ್ತಿ, ಜಗತ್ತಿಗೆಲ್ಲ ಹಂಚಿಕೆಯ ಮಾತಾಗಲೆಂದೇ ಹುಟ್ಟಿದ ಎಸ್ಪೆರಾಂಟೊವನ್ನು ಕಲಿತವನು. ಆದ್ದರಿಂದ ಅಲ್ಲಿಂದಲೇ ತೊಡಗುತ್ತೇನೆ.

ಆ ಭಾಷೆಯನ್ನು ಕಟ್ಟಿದ ಲುಡ್ವಿಕ್ ಜಾಮೆನ್‌ಹೋಫ್ 1859ರಲ್ಲಿ ಬಿಯಾಲಿಸ್ಟಾಕ್ ಎಂಬ ಊರಿನಲ್ಲಿ ಹುಟ್ಟಿದರು. ಈಗ ಪೋಲೆಂಡಿನಲ್ಲಿರುವ ಆ ಊರು ಅಂದು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ರಷ್ಯನ್ನರು, ಪೋಲರು, ಜರ್ಮನರು, ಯಹೂದಿಗಳು ಒಂದೇ ಬೀದಿಯಲ್ಲಿ ಬದುಕುತ್ತಿದ್ದರೂ ಬೇರೆ ಬೇರೆ ಮಾತಾಡುತ್ತಿದ್ದರು, ಒಬ್ಬರನ್ನೊಬ್ಬರು ಹಗೆಗಳಂತೆ ನೋಡುತ್ತಿದ್ದರು. ಮನುಷ್ಯರೆಲ್ಲ ಅಣ್ಣತಮ್ಮಂದಿರೆಂದು ಮನೆಯಲ್ಲಿ ಹೇಳಿಕೊಡುತ್ತಾರೆ, ಆದರೆ ಬೀದಿಗಿಳಿದರೆ ಮನುಷ್ಯರೇ ಕಾಣುವುದಿಲ್ಲ, ಬರಿಯ ರಷ್ಯನ್ನರು, ಪೋಲರು, ಜರ್ಮನರು, ಯಹೂದಿಗಳು ಕಾಣುತ್ತಾರೆ ಎಂಬ ಸಂಕಟ ಆ ಹುಡುಗನನ್ನು ಬಿಡಲಿಲ್ಲವೆಂದು ಮುಂದೆ ಅವರೇ ಒಬ್ಬ ಗೆಳೆಯರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಎಸ್ಪೆರಾಂಟೊ ಹುಟ್ಟಿದ್ದು ವಿದ್ವತ್ತಿನಿಂದಲ್ಲ, ಈ ಸಂಕಟದಿಂದ. ಅದನ್ನು ಹಗುರವಾಗಿ ನೋಡುವವರ ಮಾತಿಗೆ ನೀವು ಕಿವಿಗೊಡಬೇಡಿ.

ನನ್ನನ್ನು ಆ ಭಾಷೆಯತ್ತ ಸೆಳೆದದ್ದೂ ಇದೇ. ನಾನು ಹುಟ್ಟಿದ್ದು ಕುಂಬಳೆಯ ಹತ್ತಿರದ ಹಳ್ಳಿಯಲ್ಲಿ. ಕಾಸರಗೋಡನ್ನು ಸಪ್ತಭಾಷಾ ಸಂಗಮವೆಂದು ಭಾಷಣಗಳಲ್ಲಿ ಕರೆಯುತ್ತಾರೆ. ನಮಗೆ ಅದು ದಿನನಿತ್ಯದ ನಡೆ. ಮನೆಯಲ್ಲಿ ಕನ್ನಡ, ಗದ್ದೆತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಜೀನಸಿನ ಅಂಗಡಿಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಪಕ್ಕದವರದು ಬ್ಯಾರಿ ಮಾತು. ಒಂದೇ ಬುಟ್ಟಿಯ ಮೀನನ್ನು ಒಬ್ಬರು ಬೂತಾಯಿ ಎಂದರೆ ಇನ್ನೊಬ್ಬರು ಮತ್ತಿ ಎನ್ನುತ್ತಿದ್ದರು, ಮಗದೊಬ್ಬರು ತಾರ್ಲೆ ಎನ್ನುತ್ತಿದ್ದರು, ವ್ಯಾಪಾರ ನಿಲ್ಲುತ್ತಿರಲಿಲ್ಲ. 1956ರಲ್ಲಿ ರಾಜ್ಯಗಳ ಗಡಿ ಎಳೆದು ನಮ್ಮ ತಾಲೂಕು ಕೇರಳಕ್ಕೆ ಹೋದ ಮೇಲೆ ಅದೇ ಭಾಷೆಗಳು ಮೆರವಣಿಗೆಯ ಘೋಷಣೆಗಳಾದವು, ಕಚೇರಿಯ ಅರ್ಜಿ ನಮೂನೆಗಳಾದವು, ನೋವಾದವು. ಬಿಯಾಲಿಸ್ಟಾಕಿನ ಹುಡುಗನ ಮಾತು ನನಗೆ ದೂರದ್ದೆನಿಸಲಿಲ್ಲ.

ಭಾಷೆಯನ್ನು ಕಟ್ಟುವ ದಾರಿ ಜಾಮೆನ್‌ಹೋಫ್‌ಗೆ ಹೊಳೆದ ಬಗೆ ಬರಹಗಾರರು ತಿಳಿದಿರಬೇಕಾದದ್ದು. ಶಾಲೆಯಲ್ಲಿದ್ದಾಗಲೇ ಅವರು ಪದಗಳ ದೊಡ್ಡ ರಾಶಿಯ ಮುಂದೆ ಕಂಗೆಟ್ಟಿದ್ದರು. ಒಂದು ದಿನ ಬೀದಿಯಲ್ಲಿ ಎರಡು ರಷ್ಯನ್ ಫಲಕಗಳು ಕಣ್ಣಿಗೆ ಬಿದ್ದವು: ಒಂದು ಕಾವಲುಗಾರನ ಕೋಣೆಯದು, ಇನ್ನೊಂದು ಸಿಹಿತಿಂಡಿಯ ಅಂಗಡಿಯದು, ಎರಡರ ಕೊನೆಯಲ್ಲೂ ‘ಸ್ಕಾಯಾ’ ಎಂಬ ಒಂದೇ ಪ್ರತ್ಯಯ. ನಾವು ಬಳೆಗಾರ, ಹೂಗಾರ, ಮಾತುಗಾರ ಎಂದು ದಿನವೂ ಮಾಡುವ ಕೆಲಸವೇ ಅದು; ಆದರೆ ಒಂದು ಪ್ರತ್ಯಯ ಗೊತ್ತಾದರೆ ನೂರು ಪದಗಳನ್ನು ಕಂಠಪಾಠ ಮಾಡಬೇಕಾಗಿಲ್ಲವೆಂಬುದು ಅವರಿಗೆ ಅಂದು ಬೆಳಕಿನಂತೆ ಕಂಡಿತು. ಎಸ್ಪೆರಾಂಟೊದಲ್ಲಿ ‘ಲೆರ್ನಿ’ ಎಂದರೆ ಕಲಿಯುವುದು, ‘ಲೆರ್ನೆಯೊ’ ಎಂದರೆ ಶಾಲೆ. ‘ಕುಯಿರಿ’ ಎಂದರೆ ಅಡುಗೆ ಮಾಡುವುದು, ‘ಕುಯಿರೆಯೊ’ ಎಂದರೆ ಅಡುಗೆಮನೆ. 1887ರಲ್ಲಿ ವಾರ್ಸಾದಲ್ಲಿ ಅಚ್ಚಾದ ಮೊದಲ ಪುಸ್ತಕದ ವ್ಯಾಕರಣ ಹದಿನಾರು ನಿಯಮಗಳಲ್ಲಿ ಮುಗಿಯುತ್ತದೆ. ನಾನು ನಾಲ್ಕು ತಿಂಗಳಲ್ಲಿ ಪತ್ರ ಬರೆಯುವಷ್ಟು ಕಲಿತೆ. ಯಾವ ದೊಡ್ಡ ದೇಶದ ನೆರಳೂ ಇಲ್ಲದ ಮಾತಿನಲ್ಲಿ, ಹಂಗೇರಿಯ ಒಬ್ಬ ಶಾಲಾ ಮಾಸ್ತರರೊಡನೆ ಸರಿಸಮವಾಗಿ ಹರಟುವ ಸುಖವನ್ನು ಇಂಗ್ಲಿಷ್ ನನಗೆ ಎಂದೂ ಕೊಟ್ಟಿರಲಿಲ್ಲ.

ಅದೇ ಪುಸ್ತಕದಲ್ಲಿ ಇನ್ನೂ ಎರಡು ಸಂಗತಿಗಳಿವೆ. ರಾಷ್ಟ್ರಗಳ ಭಾಷೆಗಳಂತೆ ಅಂತರರಾಷ್ಟ್ರೀಯ ಭಾಷೆಯೂ ಎಲ್ಲರ ಸ್ವತ್ತು, ಇದರ ಮೇಲಿನ ನನ್ನ ಹಕ್ಕನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ ಎಂದು ಲೇಖಕರು ಅದರಲ್ಲಿ ಘೋಷಿಸಿದರು. ಇದಕ್ಕೆ ಎಂಟು ವರ್ಷ ಮೊದಲು ಶ್ಲೇಯರ್ ಎಂಬ ಜರ್ಮನ್ ಪಾದ್ರಿ ‘ವೊಲಾಪುಕ್’ ಎಂಬ ಭಾಷೆಯನ್ನು ಕಟ್ಟಿದ್ದರು. ಅದಕ್ಕೆ ಯುರೋಪಿನ ತುಂಬ ಸಂಘಗಳು ಹುಟ್ಟಿದವು. 1889ರ ಪ್ಯಾರಿಸ್ ಸಮ್ಮೇಳನದಲ್ಲಿ ಕಲಾಪವೇ ಆ ಭಾಷೆಯಲ್ಲಿ ನಡೆಯಿತು. ಆದರೆ ಭಾಷೆಯನ್ನು ತಿದ್ದುವ ಕೊನೆಯ ಅಧಿಕಾರ ತನ್ನದೇ ಎಂದು ಪಾದ್ರಿಗಳು ಪಟ್ಟು ಹಿಡಿದರು, ತಿದ್ದಬೇಕೆಂದವರು ಚದುರಿಹೋದರು, ಕೆಲವೇ ವರ್ಷಗಳಲ್ಲಿ ಅದು ಬಾಡಿತು. ಎರಡನೆಯ ಸಂಗತಿ, ಆ ಪುಟ್ಟ ಪುಸ್ತಕದಲ್ಲಿ ವ್ಯಾಕರಣದ ಜೊತೆಗೆ ಕವಿತೆಗಳೂ ಇದ್ದವು. ವೃತ್ತಿಯಿಂದ ಕಣ್ಣಿನ ವೈದ್ಯರಾಗಿದ್ದ ಜಾಮೆನ್‌ಹೋಫ್ 1894ರಲ್ಲಿ ‘ಹ್ಯಾಮ್ಲೆಟ್’ ನಾಟಕವನ್ನೂ ತಮ್ಮ ಭಾಷೆಗೆ ತಂದರು. ನಿಯಮಗಳಿಂದ ಭಾಷೆಯ ಎಲುಬು ಮಾತ್ರ ಆಗುತ್ತದೆ, ಅದರಲ್ಲಿ ಅಳುವುದಕ್ಕೂ ಪ್ರೀತಿಸುವುದಕ್ಕೂ ಆದರೆ ಮಾತ್ರ ಜೀವ ಬರುತ್ತದೆ ಎಂದು ಅವರಿಗೆ ತಿಳಿದಿತ್ತು.

ಈಗ ನನ್ನ ಅನುಭವಕ್ಕೆ ಬರುತ್ತೇನೆ. ನಿಮಗೆ ಹೇಳಬೇಕಾದದ್ದು ಮುಖ್ಯವಾಗಿ ಇದೇ.

ಕೇರಳದಲ್ಲಿ 1970ರ ಜನವರಿ 1ರಂದು ಗೇಣಿ ಪದ್ಧತಿ ರದ್ದಾಯಿತು. ಅದರ ಮರುವರ್ಷ ನಮ್ಮ ನೆರೆಯ ಧಣಿಗಳ ಮನೆಯಲ್ಲಿ ನಡೆದ ಒಂದು ಮಾತುಕತೆಯನ್ನು ನಾನು ಕತೆಯಾಗಿ ಬರೆದಿದ್ದೆ. ಗುಡ್ಡಕ್ಕೆ ಕೊರೆದ ಸುರಂಗದ ನೀರು ಧಣಿಗಳ ಅಡಿಕೆ ತೋಟಕ್ಕೂ, ಗೇಣಿಗೆ ಮಾಡುತ್ತಿದ್ದ ಜಾಗಕ್ಕೆ ಆಗಷ್ಟೇ ಒಡೆಯನಾದ ಒಬ್ಬ ಮುದಿ ಒಕ್ಕಲಿನ ತೋಟಕ್ಕೂ ಹರಿಯುತ್ತಿತ್ತು. ಸುರಂಗದಲ್ಲಿ ಹೂಳು ತುಂಬಿದಾಗ ಆ ಮುದುಕ ಬಂದು, ಅಂಗಳದಲ್ಲೇ ನಿಂತು, ಅದನ್ನು ನಾವು ತೆಗೆಯಬೇಕು ಎಂದ. ತುಳುವಿನಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ‘ಎಂಕುಲು’ ಎಂದರೆ ಎದುರಿಗಿರುವ ನಿಮ್ಮನ್ನು ಬಿಟ್ಟು ನಾವು. ‘ನಮ’ ಎಂದರೆ ನೀವೂ ಸೇರಿದ ನಾವು. ಆ ಮುದುಕ ಜೀವಮಾನವೆಲ್ಲ ಧಣಿಗಳ ಎದುರು ಎಂಕುಲು ಎಂದೇ ಮಾತಾಡಿದವನು. ಅಂದು ‘ನಮ’ ಎಂದ. ಧಣಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಎಂದರು. ಕತೆಯೆಂದರೆ ಅಷ್ಟೇ.

ಅದನ್ನು ಎಸ್ಪೆರಾಂಟೊಗೆ ತಂದು ಹಂಗೇರಿಗೆ ಕಳುಹಿಸಿದೆ. ಆ ಭಾಷೆಯಲ್ಲಿ ‘ನಾವು’ ಎನ್ನಲು ‘ನಿ’ ಎಂಬ ಒಂದೇ ಪದ. ಮಾಸ್ತರರು ಆದರದಿಂದಲೇ ಉತ್ತರ ಬರೆದು, ಆ ಮುದುಕ ಹೇಳಿದ್ದರಲ್ಲಿ ವಿಶೇಷವೇನೆಂದು ಕೇಳಿದರು. ನನಗೆ ಆ ಭಾಷೆಯ ಮೇಲೆ ಬೇಸರವಾಯಿತು. ಆಮೇಲೆ ನನ್ನ ಕನ್ನಡ ಪ್ರತಿಯನ್ನು ತೆಗೆದು ನೋಡಿದರೆ ಅಲ್ಲಿಯೂ ‘ನಾವು’ ಎಂಬ ಒಂದೇ ಪದವಿತ್ತು. ತುಳು ಬಲ್ಲ ನನಗೆ ಕೇಳಿಸುತ್ತಿದ್ದದ್ದು ಧಾರವಾಡದ ಓದುಗರಿಗೂ ಮೈಸೂರಿನ ಓದುಗರಿಗೂ ಕೇಳಿಸುತ್ತಲೇ ಇರಲಿಲ್ಲ. ಮಲಯಾಳಕ್ಕೆ ಹಾಕಿದ್ದರೆ ತೊಂದರೆಯಿರಲಿಲ್ಲ. ಅಲ್ಲಿಯೂ ‘ನಮ್ಮಳ್’, ‘ಞಙ್ಙಳ್’ ಎಂದು ಎರಡಿವೆ. ಕನ್ನಡದಲ್ಲಿ ಆ ಒಂದು ಪದದ ಕೆಲಸ ಮಾಡಿಸಲು ನಾನು ಆ ಮುದುಕನನ್ನು ಅಂಗಳದಿಂದ ಜಗಲಿಗೆ ಹತ್ತಿಸಬೇಕಾಯಿತು, ಧಣಿಗಳ ಪಕ್ಕದ ಬೆಂಚಿನಲ್ಲಿ ಕೂರಿಸಬೇಕಾಯಿತು, ಅದಕ್ಕೆ ಎರಡು ಪುಟ ಹಿಡಿಯಿತು. ಆ ಎರಡು ಪುಟಗಳು ನನ್ನನ್ನು ಬರಹಗಾರನನ್ನಾಗಿ ಮಾಡಿದವು. ಯಾವ ಭಾಷೆಯೂ ಪೂರ್ಣವಲ್ಲ, ಒಂದರ ಕೊರತೆ ಇನ್ನೊಂದನ್ನು ಬಲ್ಲವನಿಗೆ ಮಾತ್ರ ಕಾಣುತ್ತದೆ, ಆ ಕೊರತೆಯನ್ನು ತುಂಬಲು ಹೊರಟಾಗ ಬರಹ ಹುಟ್ಟುತ್ತದೆ ಎಂಬುದನ್ನು ಹೀಗೆ ಕಲಿತೆ. ಮನುಷ್ಯರೆಲ್ಲರಿಗೂ ಒಂದೇ ಭಾಷೆಯಿದ್ದಿದ್ದರೆ ಆ ಮುದುಕನ ಮಾತಿನಲ್ಲಿ ಏನೋ ಜಾರಿಹೋಯಿತೆಂದು ಹೇಳಬಲ್ಲವರೇ ಇರುತ್ತಿರಲಿಲ್ಲ.

ಒಂದೇ ಭಾಷೆಯಾದರೆ ಹಗೆ ಅಳಿಯುತ್ತದೆಂಬ ನಂಬಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕುರುಕ್ಷೇತ್ರದಲ್ಲಿ ಎದುರುಬದುರಾದವರು ಒಂದೇ ಮನೆಯಲ್ಲಿ ಮಾತು ಕಲಿತವರು. ಕೊರಿಯಾದಲ್ಲಿ 1950ರಲ್ಲಿ ಯುದ್ಧಕ್ಕಿಳಿದ ಎರಡೂ ಕಡೆಯವರ ತಾಯಿನುಡಿ ಒಂದೇ. ಜಾಮೆನ್‌ಹೋಫ್‌ಗೂ ಇದು ಗೊತ್ತಿತ್ತು. 1906ರಲ್ಲಿ ಅವರ ಹುಟ್ಟೂರಿನಲ್ಲಿ ಯಹೂದಿಗಳ ಹತ್ಯಾಕಾಂಡ ನಡೆದಾಗ ಅದೇ ವರ್ಷದ ಜಿನೀವಾ ಸಮ್ಮೇಳನದಲ್ಲಿ ಅವರು ಆ ಬೀದಿಗಳ ಸಂಕಟವನ್ನೇ ಮಾತಾಡಿದರು. ಅವರ ಮೂವರು ಮಕ್ಕಳೂ ಮುಂದೆ ನಾಜಿಗಳಿಂದ ಹತರಾದರು. ಎಸ್ಪೆರಾಂಟೊ ಕಲಿಸುತ್ತ ದೇಶದೇಶ ತಿರುಗಿದ್ದ ಕಿರಿಯ ಮಗಳು ಲಿಡಿಯಾ 1942ರಲ್ಲಿ ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರದಲ್ಲಿ ತೀರಿಕೊಂಡರು. ಇಷ್ಟಾದರೂ ಆ ಭಾಷೆ ಇಂದಿಗೂ ಉಳಿದಿದೆ, ಕೆಲವು ಮನೆಗಳಲ್ಲಿ ಮಕ್ಕಳು ಅದನ್ನು ತಾಯಿನುಡಿಯಾಗಿಯೂ ಆಡುತ್ತಾರೆ. ಎರಡನೆಯ ಭಾಷೆಯಾಗಿ, ಅಪರಿಚಿತರು ಭೇಟಿಯಾಗುವ ಜಗಲಿಯಾಗಿ, ಜಗತ್ತಿಗೆಲ್ಲ ಒಂದು ಮಾತು ಸಾಧ್ಯವೆಂದು ನಾನು ಈಗಲೂ ನಂಬುತ್ತೇನೆ, ಆಗಬೇಕೆಂದು ಬಯಸುತ್ತೇನೆ ಕೂಡ.

ಆದರೆ ನೀವು ಅಂಜುತ್ತಿರುವುದು ಇನ್ನೆಲ್ಲ ಭಾಷೆಗಳನ್ನು ನುಂಗಿ ಉಳಿಯುವ ಒಂದೇ ಭಾಷೆಗೆ. ಅಂಥದ್ದು ಬಂದರೂ ನಿಲ್ಲುವುದಿಲ್ಲ. ಲ್ಯಾಟಿನ್ ಎಷ್ಟು ದೊಡ್ಡ ನೆಲವನ್ನು ಆಳಿತ್ತೆಂದು ನಿಮಗೆ ಗೊತ್ತು. 813ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಸೇರಿದ ಬಿಷಪ್ಪರು, ಜನಕ್ಕೆ ಲ್ಯಾಟಿನ್ ಉಪದೇಶ ಅರ್ಥವಾಗುತ್ತಿಲ್ಲವಾದ್ದರಿಂದ ಹಳ್ಳಿಗರ ಮಾತಿಗೆ ಅದನ್ನು ತಿರುಗಿಸಿ ಹೇಳಬೇಕೆಂದು ತೀರ್ಮಾನಿಸಿದರು. ಅವರ ಕಾಲಡಿಯಲ್ಲೇ ಒಂದು ಭಾಷೆ ಹಲವಾಗಿ ಒಡೆದಿತ್ತು. 842ರಲ್ಲಿ ಲೂಯಿ ಮತ್ತು ಚಾರ್ಲ್ಸ್ ಎಂಬ ಇಬ್ಬರು ಅಣ್ಣತಮ್ಮಂದಿರು ಸ್ಟ್ರಾಸ್‌ಬರ್ಗಿನಲ್ಲಿ ಒಬ್ಬರಿಗೊಬ್ಬರು ನೆರವಾಗುವ ಆಣೆ ಇಟ್ಟರು. ಜರ್ಮನ್ ಮಾತಿನ ಸೈನ್ಯದ ಲೂಯಿ, ತಮ್ಮನ ಸೈನಿಕರಿಗೆ ತಿಳಿಯಲೆಂದು ಲ್ಯಾಟಿನ್ನಿನಿಂದ ಒಡೆದು ಹುಟ್ಟಿದ ಅವರ ಆಡುಮಾತಿನಲ್ಲಿ ಆಣೆ ಇಟ್ಟರೆ, ಚಾರ್ಲ್ಸ್ ಅಣ್ಣನ ಸೈನಿಕರ ಜರ್ಮನ್ ಮಾತಿನಲ್ಲಿ ಇಟ್ಟ. ಫ್ರೆಂಚ್ ಭಾಷೆಯ ಮೊದಲ ಬರಹವೆಂದು ಎಣಿಸುವುದು ಲೂಯಿ ಇಟ್ಟ ಆ ಆಣೆಯನ್ನೇ. ಇಬ್ಬರೂ ಲ್ಯಾಟಿನ್ನಿಗೆ ಹೋಗದೆ ಎದುರಿನವರ ಮಾತಿಗೆ ಹೋದರಲ್ಲ, ಅದು ನನ್ನ ಮನಸ್ಸಿನಲ್ಲಿ ನಿಂತಿದೆ. ಅದೇ ಶತಮಾನದ ನಡುವಿನಲ್ಲಿ, ನೃಪತುಂಗನ ಆಸ್ಥಾನದಲ್ಲಿ, ‘ಕವಿರಾಜಮಾರ್ಗ’ವು ಕನ್ನಡಗಳ ಬಗೆಬಗೆಯ ದೇಸಿಯನ್ನು ಅರಿಯಹೋದರೆ ಸರ್ಪರಾಜ ವಾಸುಕಿಯೂ ಬೇಸರಗೊಳ್ಳುವನೆಂದು ಹೇಳಿತು. ‘ಕನ್ನಡಂಗಳ್’ ಎಂಬ ಆ ಬಹುವಚನವನ್ನು ಗಮನಿಸಿ.

ಇಂಗ್ಲಿಷಿನಲ್ಲಿ ಬರೆಯಬಾರದೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ನಿಮಗೆ ಕನಸು ಬೀಳುತ್ತಿದ್ದರೆ ಬರೆಯಿರಿ. ಲೋಕಕ್ಕೆಲ್ಲ ತಲಪುವ ಆಸೆಯಿಂದ ಮಾತ್ರ ಹೋಗಬೇಡಿ. ಹಾಗೆ ಹೋದವರು ಎಲ್ಲರಿಗೂ ತಿಳಿಯುವುದನ್ನೇ ಆರಿಸಿಕೊಳ್ಳುತ್ತ, ತಮಗೆ ಮಾತ್ರ ಗೊತ್ತಿದ್ದದ್ದನ್ನು ಒಂದೊಂದಾಗಿ ಬಿಟ್ಟುಬಿಡುವುದನ್ನು ನೋಡಿದ್ದೇನೆ. ಅದರ ಬದಲು ನೆರೆಯವರ ಒಂದು ಭಾಷೆಯನ್ನು ಚೆನ್ನಾಗಿ ಕಲಿಯಿರಿ. ನಮ್ಮ ಊರ ಕಡೆಯ ಗೋವಿಂದ ಪೈಗಳು ಹಲವಾರು ಭಾಷೆಗಳನ್ನು ಕಲಿತು, ಅವೆಲ್ಲದರ ಬೆಳಕನ್ನು ಮಂಜೇಶ್ವರದ ಮನೆಯಲ್ಲಿ ಕುಳಿತು ಕನ್ನಡಕ್ಕೆ ತಂದರು.

ಕೊನೆಗೆ ನಿಮ್ಮ ಕತೆ. ಮಲ್ಪೆಯ ಬಂದರು, ಬೋಟು, ಅದನ್ನು ನಡೆಸುವ ತಾಂಡೇಲ, ಒಡಿಶಾದಿಂದ ದುಡಿಯಲು ಬಂದ ಹುಡುಗ, ಎಲ್ಲ ಸೊಗಸಾಗಿದೆ. ಆದರೆ ಎಲ್ಲರೂ ಒಂದೇ ಪತ್ರಿಕೆಯ ಕನ್ನಡ ಮಾತಾಡುತ್ತಾರೆ. ನೀವು ನನ್ನಲ್ಲಿ ಕೇಳಿದ ಹಂಚಿಕೆಯ ಭಾಷೆ ಆ ಬೋಟಿನಲ್ಲೇ ದಿನವೂ ಹುಟ್ಟುತ್ತಿರಬೇಕು; ಅರೆಬರೆ ಹಿಂದಿ, ನಡುವೆ ತುಳುವಿನ ಮೀನಿನ ಹೆಸರುಗಳು, ಬಲೆ ಎಳೆಯುವಾಗಿನ ಕೂಗು, ಉಳಿದದ್ದು ಕೈಸನ್ನೆ. ಅದನ್ನು ನೀವು ತಿದ್ದಿಬಿಟ್ಟಿದ್ದೀರಿ. ಒಂದು ವಾರ ಬೆಳಗ್ಗೆ ಬಂದರಿಗೆ ಹೋಗಿ, ಬೋಟುಗಳು ಮೀನು ಇಳಿಸುವ ಹೊತ್ತಿಗೆ ಸುಮ್ಮನೆ ಕುಳಿತು ಕೇಳಿಸಿಕೊಳ್ಳಿ. ಆ ಹುಡುಗ ಮೊದಲು ಯಾವ ಯಾವ ಪದಗಳನ್ನು ಕಲಿತ, ತಾಂಡೇಲನೊಡನೆ ಮಾತಾಡುವಾಗ ಎಂಕುಲು ಎನ್ನುತ್ತಾನೋ ನಮ ಎನ್ನುತ್ತಾನೋ, ಎಂದಿನಿಂದ ಹಾಗೆನ್ನುತ್ತಾನೆ ಎಂದು ತಿಳಿದುಕೊಳ್ಳಿ. ಆಮೇಲೆ ಕತೆಯನ್ನು ಮತ್ತೊಮ್ಮೆ ಬರೆದು ಕಳುಹಿಸಿ. ನಾನು ಕಾಯುತ್ತಿರುತ್ತೇನೆ.

ಇತಿ,
ನಿಮ್ಮ ವಿಶ್ವಾಸದ ಹಿರಿಯ