ಪ್ಲೇಗಿನ ಕಾದಂಬರಿ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಕಾದಂಬರಿಯ ಮೊದಲ ಭಾಗ ಓದಿ ಮುಗಿಸಿದೆ. ಬೆಂಗಳೂರಿನ ಪ್ಲೇಗಿನ ಬಗ್ಗೆ ನಿನ್ನ ವಯಸ್ಸಿನವಳೊಬ್ಬಳು ಬರೆಯಲು ಕೂತಿದ್ದಾಳೆ ಅನ್ನುವುದೇ ನನಗೆ ಖುಷಿ. ಸೊಸೆಯ ಪಾತ್ರಕ್ಕೆ ಜೀವ ಬಂದಿದೆ. ಮಾತುಕತೆಗಳೂ ಚೆನ್ನಾಗಿವೆ. ಆದರೆ ಮೂರನೇ ಅಧ್ಯಾಯದ ಒಂದು ಕಡೆ ನನ್ನ ಓದು ನಿಂತುಬಿಟ್ಟಿತು. ಈ ಪತ್ರ ಅದರ ಬಗ್ಗೆಯೇ.

1898ರ ಆಗಸ್ಟ್. ಊರಿಗೆ ಪ್ಲೇಗು ಬಂದಿದೆ. ನಿನ್ನ ಯುವ ವೈದ್ಯ ಬಳೇಪೇಟೆಯ ಮನೆಯ ಜಗಲಿಯ ಮೇಲೆ ನಿಂತು, ಇದು ಇಲಿಯ ಮೈಮೇಲಿನ ಚಿಗಟದಿಂದ ಹರಡುವ ರೋಗ ಎಂದು ವಿವರಿಸುತ್ತಾನೆ. ಮನೆಯವರು ಅವನ ಮಾತು ಕೇಳುವುದಿಲ್ಲ. ಮಾರಮ್ಮನಿಗೆ ಹರಕೆ ಹೊರುತ್ತಾರೆ. ಒಬ್ಬೊಬ್ಬರಾಗಿ ಸಾಯುತ್ತಾರೆ. ಓದುವವರಿಗೆ ಎಲ್ಲ ಸಲೀಸಾಗಿ ಅರ್ಥವಾಗುತ್ತದೆ. ವೈದ್ಯ ಬುದ್ಧಿವಂತ, ಜನ ದಡ್ಡರು.

ಆದರೆ ಆ ವರ್ಷ ಬೆಂಗಳೂರಿನಲ್ಲಿ ಅಷ್ಟು ಖಚಿತವಾಗಿ ಹಾಗೆ ಹೇಳುವ ವೈದ್ಯ ಸಿಗುತ್ತಿರಲಿಲ್ಲ, ತಂಗಿ. ರೋಗಾಣು ಯಾವುದೆಂದು ಗೊತ್ತಿತ್ತು ನಿಜ. 1894ರಲ್ಲೇ ಯೆರ್ಸಿನ್ ಎಂಬ ವಿಜ್ಞಾನಿ ಹಾಂಕಾಂಗಿನಲ್ಲಿ ಅದನ್ನು ಕಂಡುಹಿಡಿದಿದ್ದ. ಅದು ಮನುಷ್ಯನ ಮೈಗೆ ಹೇಗೆ ಬರುತ್ತದೆ ಅನ್ನುವುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಚಿಗಟವೇ ಕಾರಣ ಎಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿದ್ದು ಅದೇ 1898ರಲ್ಲಿ. ಆಗ ಅವನ ಮಾತನ್ನು ಹೆಚ್ಚಿನವರು ಒಪ್ಪಲಿಲ್ಲ. ಸರ್ಕಾರಿ ವೈದ್ಯರ ತಲೆಯಲ್ಲಿ ಇದ್ದದ್ದು ಕೊಳಕು, ತೇವ, ಕೆಟ್ಟ ಗಾಳಿ, ಕತ್ತಲೆ ಕೋಣೆ. ಅದಕ್ಕೇ ಗೋಡೆಗೆ ಸುಣ್ಣ ಹೊಡೆಸಿದರು. ನೆಲಕ್ಕೆ ಕಾರ್ಬಾಲಿಕ್ ಎಂಬ ಸೋಂಕುನಾಶಕ ಸುರಿಸಿದರು. ಬಿಸಿಲು ಬೀಳಲಿ ಎಂದು ಸೂರಿನ ಹೆಂಚು ತೆಗೆಸಿದರು. ಹಾಸಿಗೆ, ಬಟ್ಟೆ ಸುಟ್ಟರು. ಹೀಗೆ ಮನೆಯನ್ನೆಲ್ಲ ಅಲ್ಲಾಡಿಸಿದರೆ ಇಲಿಗಳು ಪಕ್ಕದ ಮನೆಗೆ ಓಡುತ್ತವೆ, ಅಲ್ವಾ? ಆದರೆ ಆಗ ಅದರ ಕಡೆ ಹೆಚ್ಚಿನವರ ಗಮನ ಹೋಗುತ್ತಿರಲಿಲ್ಲ.

ಈಗ ಜನರ ಕಡೆ ನೋಡು. ನಮ್ಮ ಹಳೇ ಮೈಸೂರಿನ ಹಳ್ಳಿಗಳಲ್ಲಿ ಪ್ಲೇಗಿನ ಕಥೆ ಹೇಳುವ ಅಜ್ಜಿಯಂದಿರ ಬಾಯಲ್ಲಿ ನಾನು ಚಿಕ್ಕವಳಿದ್ದಾಗ ಕೇಳಿದ ಮಾತು ಒಂದೇ: 'ಇಲಿ ಬಿತ್ತು.' ಅಟ್ಟದಿಂದಲೋ ಸೂರಿನಿಂದಲೋ ಇಲಿ ತಾನಾಗಿ ಕೆಳಗೆ ಬೀಳುತ್ತದೆ. ಅಮಲೇರಿದ ಹಾಗೆ ತೂರಾಡುತ್ತದೆ, ಮನುಷ್ಯರನ್ನು ಕಂಡರೂ ಓಡುವುದಿಲ್ಲ, ಸಾಯುತ್ತದೆ. ಅದನ್ನು ಕಂಡ ದಿನವೇ ಮನೆಗೆ ಬೀಗ. ಪಾತ್ರೆ, ರಾಗಿ, ದನಕರು ಹೊಡೆದುಕೊಂಡು ಊರಾಚೆ ಹೊಲದಲ್ಲಿ ಗರಿಯ ಗುಡಿಸಲು ಹಾಕಿಕೊಳ್ಳುವುದು. ರೋಗ ಇಳಿದ ಮೇಲೆ ವಾಪಸ್ ಬರುವುದು.

ಇದರ ಹಿಂದಿನ ಲೆಕ್ಕ ಎಷ್ಟು ಸರಿಯಾಗಿತ್ತು ನೋಡು. ಇಲಿ ಸತ್ತರೆ ಅದರ ಮೈ ತಣ್ಣಗಾಗುತ್ತದೆ. ಚಿಗಟಕ್ಕೆ ಬೆಚ್ಚನೆಯ ರಕ್ತ ಬೇಕು. ಅದು ಇಲಿಯನ್ನು ಬಿಟ್ಟು ಹತ್ತಿರದ ಇನ್ನೊಂದು ಇಲಿಯ ಮೈಗೆ ಹಾರುತ್ತದೆ. ಇಲಿಗಳೆಲ್ಲ ಸತ್ತು ಮುಗಿದಾಗ ನೆಲದ ಮೇಲೆ ಮಲಗಿದ ಮನುಷ್ಯರ ಮೈಗೆ ಬರುತ್ತದೆ. ಇಷ್ಟಾಗಲು ಕೆಲವು ದಿನ ಹಿಡಿಯುತ್ತದೆ. ಆ ಕೆಲವು ದಿನಗಳೊಳಗೆ ಮನೆ ಬಿಟ್ಟವರು ಬದುಕಿಕೊಂಡರು. ಅಜ್ಜಿಗೆ ಚಿಗಟದ ವಿಷಯ ಗೊತ್ತಿರಲಿಲ್ಲ. ಆದರೆ ಅವಳು ಕಣ್ಣಾರೆ ಕಂಡದ್ದನ್ನು ನಂಬಿದಳು. ನಿನ್ನ ಕಥೆಯ ಅಜ್ಜಿಗೆ ನೀನು ಹರಕೆಯನ್ನು ಮಾತ್ರ ಕೊಟ್ಟಿದ್ದೀಯ. ಕಣ್ಣು ಕೊಟ್ಟಿಲ್ಲ.

ಹರಕೆ ಬೇಡ ಎನ್ನುತ್ತಿಲ್ಲ. ಪ್ಲೇಗಮ್ಮನ ಗುಡಿಗಳು ಬೆಂಗಳೂರಿನಲ್ಲಿ ಇವತ್ತಿಗೂ ಇವೆ. ಅವಳು ಹರಕೆಯನ್ನೂ ಹೊರಲಿ, ಬೀಗವನ್ನೂ ಹಾಕಲಿ. ಆ ಕಾಲದ ಮನೆಗಳಲ್ಲಿ ಎರಡೂ ಒಟ್ಟಿಗೇ ನಡೆದವು.

ನಾನು ಹೇಳಬೇಕೆಂದಿರುವುದು ಇಷ್ಟೇ. ನಿನಗೆ ಇವತ್ತು ಗೊತ್ತಿರುವುದನ್ನು ನಿನ್ನ ಪಾತ್ರಗಳ ಬಾಯಿಗೆ ತುರುಕಬೇಡ. ನೀನು ಎಲ್ಲವನ್ನೂ ತಿಳಿದುಕೊ. ಚಿಗಟ, ಇಲಿ, ರೋಗಾಣು, ಕಾನೂನು, ನಕ್ಷೆ, ಎಲ್ಲ. ತಿಳಿದುಕೊಂಡು, ಕಥೆಯೊಳಗೆ ಅವರಿಗೆ ಆ ವರ್ಷ ಕಂಡದ್ದನ್ನು ಮಾತ್ರ ಬರೆ. ತರಗುಪೇಟೆಯ ಧಾನ್ಯದ ಮಂಡಿಯಲ್ಲಿ ಮೂಟೆ ಎತ್ತುವ ಹಮಾಲಿಗೆ ಮೂಟೆಯ ಅಡಿಯಲ್ಲಿ ಸತ್ತ ಇಲಿ ಕಾಣಲಿ. ಅವನು ಅದನ್ನು ಬಾಲ ಹಿಡಿದು ಬೀದಿಗೆ ಎಸೆಯಲಿ. ಓದುಗರ ಎದೆ ಅಲ್ಲೇ ಧಸಕ್ ಅನ್ನುತ್ತದೆ. ನೀನು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಚಿಗಟದ ಮಾತು ನಿನಗೆ ಬೇಕೇ ಬೇಕು ಅನ್ನಿಸಿದರೆ ಕಥೆಯನ್ನು ಮುಂದಕ್ಕೆ ಎಳೆ. ಪ್ಲೇಗು 1898ಕ್ಕೆ ಬಂದು ಹೋಗಿಬಿಟ್ಟಿತು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅದು ವರ್ಷ ವರ್ಷವೂ ಬಂತು. ಬಿಸಿಲು ಜೋರಾದಾಗ ಇಳಿಯಿತು, ತಂಪಾದಾಗ ಮತ್ತೆ ಏರಿತು. 1905ರಲ್ಲಿ ಹೊಸ ಪ್ಲೇಗ್ ಆಯೋಗ ಮುಂಬಯಿಯ ಪರೇಲಿನಲ್ಲಿ ಕೆಲಸ ಶುರು ಮಾಡಿತು. ಪ್ಲೇಗು ಬಂದು ಖಾಲಿಯಾದ ಮನೆಗಳೊಳಗೆ ಅವರು ಗಿನಿಪಿಗ್‌ಗಳನ್ನು ಬಿಟ್ಟರು, ಅವುಗಳ ಮೈಗೆ ಹತ್ತಿದ ಚಿಗಟಗಳನ್ನು ಹೆಕ್ಕಿದರು. ಚಿಗಟ ನುಸುಳದಂಥ ತೆಳು ಜಾಲರಿಯೊಳಗೆ ಇಟ್ಟ ಗಿನಿಪಿಗ್‌ಗಳು ಅದೇ ಕೋಣೆಯಲ್ಲಿದ್ದೂ ಉಳಿದುಕೊಂಡವು. ಗಾಳಿ ಅದೇ, ಕತ್ತಲೆ ಅದೇ. ನಡುವೆ ಇದ್ದದ್ದು ಒಂದು ಜಾಲರಿ. ವಾದ ಅಲ್ಲಿಗೆ ಮುಗಿಯಿತು. ಇದು 1908ರ ನಿನ್ನ ವೈದ್ಯನಿಗೆ ಗೊತ್ತಿರಬಹುದು. ಹತ್ತು ವರ್ಷದ ಹಿಂದೆ ತಾನೇ ನಿಂತು ಹೆಂಚು ತೆಗೆಸಿದ ಮನೆಗಳು ಆಗ ಅವನಿಗೆ ನೆನಪಾಗಲಿ. ಎಂಥ ಅಧ್ಯಾಯವಾಗುತ್ತದೆ ಯೋಚಿಸು.

ಆ ವೈದ್ಯನ ಬಗ್ಗೆ ಇನ್ನೊಂದು ಮಾತು. ಅವನು ತುಂಬಾ ನುಣುಪಾಗಿದ್ದಾನೆ. ಆಗಿನ ಬೆಂಗಳೂರಿನಲ್ಲಿ ಡಾಕ್ಟರ್ ಪಲ್ಪು ಎಂಬವರಿದ್ದರು. ತಿರುವಾಂಕೂರಿನ ಈಳವ ಮನೆತನದವರು. ಮದರಾಸಿನಲ್ಲಿ ವೈದ್ಯಕೀಯ ಓದಿ ಬಂದರೂ ಜಾತಿಯ ಕಾರಣಕ್ಕೆ ಸ್ವಂತ ಸಂಸ್ಥಾನದಲ್ಲಿ ಕೆಲಸ ಸಿಗಲಿಲ್ಲ. ಮೈಸೂರು ಸರ್ಕಾರ ಕೆಲಸ ಕೊಟ್ಟಿತು. ಪ್ಲೇಗು ಬಂದು ಜನ ಊರು ಬಿಡುತ್ತಿದ್ದಾಗ ಅವರು ಇಲ್ಲೇ ನಿಂತು ಶಿಬಿರಗಳನ್ನು ನೋಡಿಕೊಂಡರು. ಅವರ ಬದುಕನ್ನು ಎತ್ತಿ ನಿನ್ನ ಕಥೆಗೆ ಅಂಟಿಸು ಎನ್ನುತ್ತಿಲ್ಲ. ರೋಗಿಯ ಕಂಕುಳಿನ ಗಡ್ಡೆ ಮುಟ್ಟಿ ನೋಡುವ ಕೈ ಯಾರದು, ಆ ಕೈ ಮುಟ್ಟಿದರೆ ಮೈಲಿಗೆ ಎಂದ ಮನೆ ಯಾವುದು, ಇಷ್ಟು ಕೇಳಿಕೊ ಸಾಕು.

ಮುಟ್ಟುವ ವಿಷಯ ಬಂದಿದ್ದರಿಂದ ಹೇಳುತ್ತೇನೆ. ರೈಲು ನಿಲ್ದಾಣದ ತಪಾಸಣೆಯನ್ನು ನೀನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ಗಡ್ಡೆ ಏಳುವುದು ಕಂಕುಳಿನಲ್ಲಿ, ತೊಡೆಸಂದಿಯಲ್ಲಿ, ಕುತ್ತಿಗೆಯಲ್ಲಿ. ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಅಲ್ಲಿ ಕೈಯಿಟ್ಟು ನೋಡುವುದು ಅಂದರೆ ಏನು ಅಂತ ಸುಮ್ನೆ ಕೂತು ಯೋಚಿಸು. 1897ರಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಭಾರೀ ಅಧಿಕಾರ ಕೊಟ್ಟಿತ್ತು. ಅದೇ ವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿತು, ಅವನು ಸತ್ತ. ನಮ್ಮಲ್ಲೂ 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ದಂಗೆ ಎದ್ದರು. ಸೋಂಕು ಬಂದವರನ್ನು ಮನೆಯವರು ಬಚ್ಚಿಟ್ಟಿದ್ದು ರೋಗ ಹರಡಲಿ ಅಂತ ಅಲ್ಲ. ಎತ್ತಿಕೊಂಡು ಹೋದರೆ ಮತ್ತೆ ನೋಡುವುದಕ್ಕೇ ಸಿಗುವುದಿಲ್ಲ ಎಂಬ ಭಯದಿಂದ.

ಸೂಜಿಯ ಭಯವೂ ಹಾಗೇ. ಹಾಫ್ಕಿನ್ ಎಂಬ ವಿಜ್ಞಾನಿ ತಾನು ಮಾಡಿದ ಪ್ಲೇಗಿನ ಲಸಿಕೆಯನ್ನು 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಆ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಚುಚ್ಚಿಸಿಕೊಂಡವರಿಗೆ ಜ್ವರ ಬರುತ್ತಿತ್ತು, ತೋಳು ಊದುತ್ತಿತ್ತು. ದಿನಗೂಲಿಯವನಿಗೆ ಜ್ವರ ಅಂದರೆ ಕೂಲಿ ಹೋಯಿತು ಅಂತ ಅರ್ಥ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಸೂಜಿ ಹಾಕಿಸಿಕೊಂಡ 19 ಜನ ಧನುರ್ವಾಯು ಬಂದು ಸತ್ತರು. ಹೀಗಿರುವಾಗ ಹೆದರಿದವರನ್ನು ಮೂಢರು ಎಂದು ಒಂದೇ ಏಟಿಗೆ ಬರೆದು ಮುಗಿಸುವುದು ಅನ್ಯಾಯ.

ಇನ್ನು ಮಲ್ಲೇಶ್ವರದ ವಿಷಯ. ನಾಲ್ಕನೇ ಅಧ್ಯಾಯದಲ್ಲಿ ಆ ಮನೆಯವರು ಪೇಟೆ ಬಿಟ್ಟು ಅಲ್ಲಿಗೆ ಹೋಗುತ್ತಾರೆ. ಸರಿ. ಇಕ್ಕಟ್ಟಿನ ಪೇಟೆಯಿಂದ ಜನ ಹೊರಗೆ ಹೋಗಲಿ ಎಂದೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಕೆಲಸಕ್ಕೆ ಪ್ಲೇಗಿನ ನಂತರ ವೇಗ ಬಂದದ್ದು. ದಂಡಿನ ಕಡೆ ಫ್ರೇಜರ್ ಟೌನ್ ಕಟ್ಟಿದ್ದೂ ಪ್ಲೇಗು ಹೊಗದ ಊರು ಆಗಲಿ ಅಂತಲೇ. ಅಗಲವಾದ ಬೀದಿ, ಮನೆಯ ಸುತ್ತ ಜಾಗ, ಗಾಳಿ ಬೆಳಕು, ಎಲ್ಲವನ್ನೂ ನೀನು ಚೆನ್ನಾಗಿ ಬರೆದಿದ್ದೀಯ. ಆದರೆ ಬರೆದಿರುವುದೆಲ್ಲ ಮುಂಬಾಗಿಲಿನಿಂದ ಕಂಡದ್ದು.

ಹಿಂದಕ್ಕೆ ಹೋಗು. ಹಳೇ ಮಲ್ಲೇಶ್ವರದ ಅಡ್ಡರಸ್ತೆಗಳ ನಡುವೆ, ಎರಡು ಸಾಲು ಮನೆಗಳ ಬೆನ್ನಿಗೆ, ಉದ್ದಕ್ಕೆ ಒಂದು ಕಿರಿದಾದ ಓಣಿ ಇದೆ. ಕನ್ಸರ್ವೆನ್ಸಿ ಎಂದು ಕರೆಯುತ್ತಾರೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸಿರುತ್ತಾರೆ, ಕಸ ಬಿದ್ದಿರುತ್ತದೆ. ಕೆಲವು ಹಳೇ ಗೋಡೆಗಳ ಬುಡದಲ್ಲಿ ಇಟ್ಟಿಗೆಯಿಂದ ಮುಚ್ಚಿದ ಚಿಕ್ಕ ಕಿಂಡಿ ಕಾಣುತ್ತದೆ. ಹಿತ್ತಲ ಕಕ್ಕಸಿನ ಬಕೆಟ್ಟನ್ನು ಆ ಕಿಂಡಿಯಿಂದ ಹೊರಗೆ ಎಳೆದುಕೊಳ್ಳುತ್ತಿದ್ದರು. ಎಳೆದುಕೊಳ್ಳುವವರು ಮನೆಯ ಅಂಗಳಕ್ಕೆ ಕಾಲಿಡಬಾರದು, ಮನೆಯವರ ಕಣ್ಣಿಗೆ ಬೀಳಬಾರದು. ಓಣಿಯ ಅಗಲವೇ ಅದನ್ನು ಹೇಳುತ್ತದೆ. ಆರೋಗ್ಯಕ್ಕೆಂದು ಕಟ್ಟಿದ ಬಡಾವಣೆಯ ನಕ್ಷೆಯಲ್ಲೇ ಅಸ್ಪೃಶ್ಯತೆಗೆ ಒಂದು ದಾರಿ ಬಿಟ್ಟಿದ್ದರು. ನಿವೇಶನಗಳನ್ನು ಹಂಚುವಾಗಲೂ ಜಾತಿ ನೋಡಿ ಬೇರೆ ಬೇರೆ ಭಾಗ ಮಾಡಿದ್ದರು.

ನಿನ್ನ ಕಾದಂಬರಿಯಲ್ಲಿ ಆ ಓಣಿಯೇ ಇಲ್ಲ. ಬೀದಿ ಚೊಕ್ಕಟವಾಗಿದೆ, ಚೊಕ್ಕಟ ಮಾಡಿದವರು ಇಲ್ಲ. ಪ್ಲೇಗಿನ ಹೆಣ ಹೊತ್ತವರು ಯಾರು, ಚರಂಡಿಗೆ ಇಳಿದವರು ಯಾರು, ಸತ್ತ ಇಲಿ ಗುಡಿಸಿ ತೆಗೆದವರು ಯಾರು? ಎಲ್ಲರಿಗಿಂತ ಮೊದಲು ಸೋಂಕಿನ ಹತ್ತಿರ ಹೋದವರು ಅವರು. ತಲೆಯ ಮೇಲೆ ಮಲ ಹೊರುವ ಪದ್ಧತಿ ನಮ್ಮ ರಾಜ್ಯದಲ್ಲಿ ನಿಷೇಧವಾಗಲು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು. ಅದು 1970ರ ದಶಕ. ಅಂದರೆ ನಿನ್ನ ಕಥೆಯ ಕಾಲದಿಂದ ಇನ್ನೂ 70 ವರ್ಷ ಆ ಓಣಿಯಲ್ಲಿ ಹೆಜ್ಜೆಗಳು ಓಡಾಡಿವೆ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಳೇ ವರದಿಗಳಲ್ಲಿ ಇವರ ಹೆಸರು ಹುಡುಕಿದರೆ ಸಿಗುವುದು ಕಷ್ಟ. ಅಧಿಕಾರಿಗಳ ಹೆಸರು ಸಿಗುತ್ತದೆ, ಪ್ಲೇಗ್ ಕಮಿಷನರ್ ಆಗಿದ್ದ ವಿ.ಪಿ. ಮಾಧವರಾಯರ ಹೆಸರು ಸಿಗುತ್ತದೆ. ಕೆಲಸ ಮಾಡಿದವರು ಸಂಬಳದ ಪಟ್ಟಿಯ ಒಂದು ಸಾಲಾಗಿ ಉಳಿದಿರುತ್ತಾರೆ. ನೀನು ವರದಿಗಳನ್ನು ಓದು, ಖಂಡಿತ ಓದು. ಜೊತೆಗೆ ಪೌರಕಾರ್ಮಿಕರ ಕಾಲೊನಿಗಳಿಗೂ ಹೋಗು. ಅಲ್ಲಿ ತೆಲುಗು ಮಾತಾಡುವ ಮನೆಗಳು ಜಾಸ್ತಿ. ಹಿರಿಯರ ಜೊತೆ ಕೂತು ಕೇಳು. ಪ್ಲೇಗಿನ ಬಗ್ಗೆಯೇ ಕೇಳಬೇಕೆಂದಿಲ್ಲ. ಬೆಳಗಿನ ಜಾವ ಎದ್ದು ಹೋಗುವುದು, ಕೈ ತೊಳೆಯಲು ನೀರು ಕೊಡದ ಮನೆಗಳು, ಇವುಗಳ ಬಗ್ಗೆ ಕೇಳು. ಬರೆದುಕೊಳ್ಳುವ ಮುಂಚೆ ಅವರ ಒಪ್ಪಿಗೆ ತಗೋ.

ಚಿಕ್ಕದೊಂದು ತಿದ್ದುಪಡಿ ಮರೆಯುತ್ತಿದ್ದೆ. 1898ರಲ್ಲಿ ನೀನು ರೋಗಿಯನ್ನು ವಿಕ್ಟೋರಿಯಾ ಆಸ್ಪತ್ರೆಗೆ ಸೇರಿಸಿದ್ದೀಯ. ಅದು ಬಾಗಿಲು ತೆರೆದದ್ದು 1900ರ ಡಿಸೆಂಬರಿನಲ್ಲಿ. ಅವನನ್ನು ಊರಾಚೆಯ ಶಿಬಿರಕ್ಕೆ ಕಳಿಸು. ಆಗ ಹಿಂದೆಯೇ ಬುತ್ತಿ ಹೊತ್ತು ಹೋಗುವ ಸೊಸೆಗೂ ಕಥೆಯಲ್ಲಿ ಒಂದು ದಾರಿ ಸಿಗುತ್ತದೆ.

ಮೊದಲು ಮೂರನೇ ಅಧ್ಯಾಯವನ್ನು ಅಜ್ಜಿಯ ಕಡೆಯಿಂದ ಬರೆದು ನೋಡು. ಆಮೇಲೆ ಮಲ್ಲೇಶ್ವರದ ಭಾಗ. ಓಣಿ ನೋಡಲು ಹೋಗುವ ದಿನ ಫೋನ್ ಮಾಡು, ಮೊಣಕಾಲು ಒಪ್ಪಿದರೆ ನಾನೂ ಬರುತ್ತೇನೆ. ತಿದ್ದಿದ ಪುಟಗಳನ್ನು ಕಾಗದದಲ್ಲೇ ಕಳಿಸು. ಪರದೆಯ ಮೇಲೆ ಓದಿದರೆ ಕಣ್ಣು ಉರಿಯುತ್ತದೆ.

ಪ್ರೀತಿಯಿಂದ,
ನಿನ್ನ ಅಕ್ಕ