ಮೊದಲು ಗಡಿಯಾರ ನೋಡಿದ ಸಿಸ್ಟರ್‌ಗೆ

ಮಗಳು ಈ ವಾರದಿಂದ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಒಂದು ರಾತ್ರಿ ಅವಳಿಗೆ ಫಿಟ್ಸ್ ಬಂದು ನಿಲ್ಲದೇ ಹೋದದ್ದು ಶಿಡ್ಲಘಟ್ಟದ ನಮ್ಮವರಿಗೆಲ್ಲ ಗೊತ್ತಿರುವುದರಿಂದ ಹೆಚ್ಚು ವಿವರಿಸುವುದಿಲ್ಲ. ಅಷ್ಟು ದಿನವೂ ನಮ್ಮ ರೇಷ್ಮೆ ಬಿಚ್ಚಾಣಿಕೆಯ ಕೆಲಸ ನಿಲ್ಲದಂತೆ ನೋಡಿಕೊಂಡ ತಮ್ಮನಿಗೆ, ಬೆಂಗಳೂರಿನಲ್ಲಿ ಎರಡು ಹೊತ್ತೂ ಬುತ್ತಿ ತಂದುಕೊಟ್ಟ ಅತ್ತಿಗೆಗೆ, 108ರ ಸಿಬ್ಬಂದಿಗೆ, ನಿಮ್ಹಾನ್ಸ್‌ನ ವೈದ್ಯರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರಗಳು.

ಉಳಿದ ಮಾತೆಲ್ಲ ಆ ರಾತ್ರಿ ಸರ್ಕಾರಿ ಆಸ್ಪತ್ರೆಯಲ್ಲಿ ಪಾಳಿಯಲ್ಲಿದ್ದ ಸಿಸ್ಟರ್‌ಗೆ ಸಲ್ಲಬೇಕು. ಹೆಸರು ಹಾಕಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ನಾವು ಒಳಗೆ ಬಂದೊಡನೆ ಅವರು ಗೋಡೆಯ ಗಡಿಯಾರ ನೋಡಿ, “ಶುರುವಾಗಿ ಎಷ್ಟು ಹೊತ್ತಾಯ್ತು ಅಣ್ಣಾ? ನಡುವೆ ಒಂದ್ಸಲವಾದ್ರೂ ಎಚ್ಚರ ಆದ್ಲಾ? ತೂಕ ಎಷ್ಟು?” ಎಂದು ಕೇಳಿದರು. ಕೇಳುತ್ತಲೇ ಮಗಳನ್ನು ಮಗ್ಗುಲಿಗೆ ಹೊರಳಿಸಿ, ಯಾರೋ ಹಿರಿಯರು ಅವಳ ಅಂಗೈಯಲ್ಲಿ ಒತ್ತಿ ಹಿಡಿಸಿದ್ದ ಬೀಗದ ಕೈಯನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟು, ಆಮ್ಲಜನಕ ಕೊಟ್ಟು, ಬೆರಳು ಚುಚ್ಚಿ ಸಕ್ಕರೆ ಪ್ರಮಾಣ ನೋಡಿದರು. ಸೆಳೆತದಲ್ಲಿದ್ದ ಕೈಯಲ್ಲಿ ಸೂಜಿಗೆ ನರ ಸಿಗಲಿಲ್ಲ. ಅದನ್ನೇ ಹುಡುಕುತ್ತ ಕೂರದೆ, ವೈದ್ಯರು ಹೇಳಿದ ಕೂಡಲೇ ಸೆಳೆತ ನಿಲ್ಲಿಸುವ ಮಿಡಜೋಲಮ್ ಎಂಬ ಔಷಧವನ್ನು ತೊಡೆಗೆ ಚುಚ್ಚಿದರು.

ಆ ಅವಸರದ ಅರ್ಥ ನನಗೆ ತಿಳಿದದ್ದು ನಂತರ. ಬಹುತೇಕ ಫಿಟ್ಸ್ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಮೈಯೆಲ್ಲ ಅದುರುವ ಸೆಳೆತ 5 ನಿಮಿಷ ದಾಟಿದರೆ ಅದು ತಾನಾಗಿ ನಿಲ್ಲುವ ಸಂಭವ ಕಡಿಮೆಯೆಂದೂ, 30 ನಿಮಿಷ ದಾಟಿದರೆ ಮೆದುಳಿಗೆ ಶಾಶ್ವತ ಹಾನಿಯಾಗುವ ಅಪಾಯವಿದೆಯೆಂದೂ ಅಪಸ್ಮಾರ, ಅಂದರೆ ಮೂರ್ಛೆರೋಗದ ತಜ್ಞರ ಅಂತರರಾಷ್ಟ್ರೀಯ ಸಂಘಟನೆಯು 2015ರಲ್ಲಿ ಸ್ಪಷ್ಟಪಡಿಸಿದೆ. ಮೆದುಳಿನ ಉದ್ರೇಕವನ್ನು ತಣಿಸುವ ಗಾಬಾ ಎಂಬ ರಾಸಾಯನಿಕದ ಗ್ರಾಹಕಗಳು, ಅಂದರೆ ಅದು ಬಂದು ಅಂಟಿಕೊಳ್ಳುವ ತಾಣಗಳು, ಸೆಳೆತ ಮುಂದುವರಿದಂತೆಲ್ಲ ನರಕೋಶದ ಮೇಲ್ಮೈಯಿಂದ ಒಳಕ್ಕೆ ಸರಿಯುತ್ತವೆ. ಮಿಡಜೋಲಮ್, ಅದೇ ಬಗೆಯ ಲೊರಾಜೆಪಮ್‌ಗಳು ಕೆಲಸ ಮಾಡುವುದು ಅದೇ ಗ್ರಾಹಕಗಳ ಮೂಲಕವಾದ್ದರಿಂದ, ಮೊದಲ ನಿಮಿಷಗಳಲ್ಲಿ ಹಿಡಿಯುವ ಔಷಧ ತಡವಾದರೆ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ.

ನಮ್ಮ ಮಗಳಿಗೆ ಮೊದಲ ಡೋಸ್ ಸಾಲಲಿಲ್ಲ. ಅವಳ ತುಟಿ ನೀಲಿಗಟ್ಟಿದ್ದನ್ನು ಕಂಡಾಗ ನನಗೆ ಮನೆದೇವರ ಹೆಸರೂ ಬಾಯಿಗೆ ಬರಲಿಲ್ಲ. ಇನ್ನು ಇವಳು ನನ್ನನ್ನು ಅಪ್ಪಾ ಎಂದು ಕರೆಯುವುದಿಲ್ಲ ಎಂದೇ ಅನಿಸಿತು. ಅಷ್ಟರಲ್ಲಿ ಸಿಸ್ಟರ್‌ಗೆ ನರ ಸಿಕ್ಕಿತ್ತು. ಇನ್ನೊಂದು ಡೋಸ್, ಅದರ ಹಿಂದೆಯೇ ಸೆಳೆತ ತಡೆಯುವ ಇನ್ನೊಂದು ಔಷಧ ಲೆವೆಟಿರಾಸೆಟಮ್‌ನ ಡ್ರಿಪ್ ಹೋದ ಮೇಲೆ ಕೈಕಾಲುಗಳ ಅದುರು ನಿಂತಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವರು, “ಹೊರಗೆ ನಿಂತ್ರೆ ಒಳಗೂ ನಿಂತಿದೆ ಅಂತಲ್ಲ ಅಣ್ಣಾ, ಮೆದುಳಿನ ವಿದ್ಯುತ್ ಅಲೆ ನೋಡೋ ಇಇಜಿ ಆಗ್ಬೇಕು, ಬೆಂಗಳೂರಿಗೆ ಹೊರಡೋಣ” ಎಂದರು.

ಹೊರಡೋಣ ಎಂದವರು ತಾವೂ ಆಂಬುಲೆನ್ಸ್ ಹತ್ತಿದರು. ಈ ಔಷಧಗಳು ಉಸಿರಾಟವನ್ನು ಕುಗ್ಗಿಸಬಲ್ಲವಾದ್ದರಿಂದ, ದಾರಿಯುದ್ದಕ್ಕೂ ಅವಳ ದವಡೆಯ ಮೂಲೆಗೆ ಬೆರಳು ಕೊಟ್ಟು ಮುಂದಕ್ಕೆತ್ತಿ ಹಿಡಿದು, ಕಣ್ಣನ್ನು ಎದೆಯ ಏರಿಳಿತದ ಮೇಲಿಟ್ಟೇ ಕುಳಿತಿದ್ದರು. ರಸ್ತೆಯ ಪ್ರತಿ ಉಬ್ಬಿಗೂ ಅವರ ಮೊಣಕೈ ಸ್ಟ್ರೆಚರ್‌ನ ಕಬ್ಬಿಣಕ್ಕೆ ಬಡಿಯುತ್ತಿತ್ತು, ಹಿಡಿತ ಮಾತ್ರ ಸಡಿಲವಾಗಲಿಲ್ಲ. ಸಿಸ್ಟರ್, ಈ ಋಣವನ್ನು ತೀರಿಸುವ ದಾರಿ ನನಗೆ ಕಾಣುತ್ತಿಲ್ಲ. ಮಗಳು ನಿಮ್ಮನ್ನು ಕಾಣಲು ಬರುತ್ತಾಳೆ, ದಯವಿಟ್ಟು ಬೇಡವೆನ್ನಬೇಡಿ.

ಈಗ ಮೂಗಿಗೆ ಹಾಕುವ ಮಿಡಜೋಲಮ್ ಸ್ಪ್ರೇ ಒಂದು ಮನೆಯಲ್ಲಿ, ಒಂದು ಅವಳ ಬ್ಯಾಗಿನಲ್ಲಿದೆ. ಎಷ್ಟು ನಿಮಿಷಕ್ಕೆ, ಎಷ್ಟು ಸಲ ಎಂದು ವೈದ್ಯರು ಬರೆದುಕೊಟ್ಟ ಚೀಟಿಯ ಪ್ರತಿ ಅವಳ ಉಪನ್ಯಾಸಕರ ಬಳಿಯೂ ಇದೆ. ನಿಮ್ಮ ಮನೆಯಲ್ಲಿ ಮೂರ್ಛೆರೋಗ ಇರುವವರಿದ್ದರೆ, ಅಂಥದ್ದೊಂದು ಚೀಟಿಯನ್ನು ಮುಂದಿನ ಸಲ ಹೋದಾಗಲೇ ವೈದ್ಯರಿಂದ ಬರೆಸಿಕೊಂಡು ಬನ್ನಿ.